ಪ್ಯಾದಿ ಹಿಂದ ಬರಂಗಿಲ್ಲ

ಕನ್ನಡದಲ್ಲಿ ಚದುರಂಗದ ಇತಿಹಾಸ ಅಂದ ಕೂಡಲೇ ಎಲ್ಲರೂ ಮೈಸೂರಿಗೇ ಹೋಗುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು, ಜಗನ್ಮೋಹನ ಅರಮನೆ, ಅರವತ್ನಾಲ್ಕು ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬರುವ ಕುದುರೆ... ಸರಿಯೇ. ಆದರೆ ನಮ್ಮ ಗದಗ ಸೀಮೆಗೂ ಈ ಆಟಕ್ಕೂ ನಂಟಿದೆ. ಮೊನ್ನೆ ಶಿರಹಟ್ಟಿಗೆ ಹೋದಾಗಿನಿಂದ ಅದೇ ತಲೆಯಲ್ಲಿ ಕೊರೆಯುತ್ತಿತ್ತು, ಬರೆದುಬಿಡುತ್ತೇನೆ.

ಅಕ್ಕನ ಮಗ, ಹನ್ನೊಂದು ವರ್ಷದವ, ಮೊಬೈಲಿನಲ್ಲಿ ಆಟ ಕಲಿತಿದ್ದಾನೆ. ಮೊದಲ ಹತ್ತು ನಡೆ ಪಟಪಟ ಆಡಿದ. ನನ್ನದೊಂದು ಪದಾತಿ ಹೋಯಿತು. ಮಿಕ್ಕದ್ದೆಲ್ಲ ಕಡಿದಾಡಿ ಮುಗಿದು ಕೊನೆಗೆ ಉಳಿದದ್ದು ಇಬ್ಬರು ರಾಜರು, ಅವನದೊಂದು ಪದಾತಿ. ಗೆಲ್ಲುವ ಆಟ. ಆದರೆ ಹುಡುಗ ಪದಾತಿಯನ್ನು ಒಂದೇ ಉಸಿರಿನಲ್ಲಿ ಓಡಿಸಿದ, ಅವನ ರಾಜ ಹಿಂದೆಯೇ ಉಳಿದ, ನನ್ನ ರಾಜ ಪದಾತಿಯನ್ನು ತಿಂದುಬಿಟ್ಟ. ಡ್ರಾ. "ಮಾಮಾ, ನಾ ಗೆದ್ದಿದ್ನೆಲ್ಲ!" ಅಂದವನ ಕಣ್ಣು ತುಂಬಿತ್ತು.

ನನಗೆ ಅಜ್ಜ ನೆನಪಾದ. ಅದೇ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ: "ತಮ್ಮಾ, ಆನಿ ಹಿಂದ ಬರ್ತೈತಿ, ಕುದರಿ ಹಿಂದ ಬರ್ತೈತಿ. ಪ್ಯಾದಿ ಹಿಂದ ಬರಂಗಿಲ್ಲ. ಮುಟ್ಟೂಕಿಂತ ಮೊದ್ಲ ಇಚಾರ ಮಾಡು."

ಈಗ ಇತಿಹಾಸಕ್ಕೆ ಬರೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಆಳಿದ್ದು 1126ರಿಂದ 1138ರವರೆಗೆ. ನಮ್ಮ ಲಕ್ಷ್ಮೇಶ್ವರ, ಅಂದರೆ ಹಳೆಯ ಪುಲಿಗೆರೆ, ಆಗ ಅವನ ರಾಜ್ಯದಲ್ಲೇ ಇತ್ತು. ಅವನ ಹೆಸರಿನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಅಡುಗೆ, ಆನೆ, ಸಂಗೀತದ ಜೊತೆಗೆ ಚದುರಂಗಕ್ಕೂ ಜಾಗವಿದೆ. ಐದು ವಿಂಶತಿಗಳಲ್ಲಿ ಕೊನೆಯದು ಆಟಗಳಿಗೇ ಮೀಸಲು. ಅರಸನಾದವನು ಇದನ್ನೂ ತಿಳಿದಿರಬೇಕು ಅನ್ನುವ ಕಾಲ.

ಆ ಕಾಲದ ಆಟ ನಿಧಾನದ್ದು. ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ. ಇವತ್ತಿನ ಹಾಗೆ ಹಲಗೆಯ ಈ ತುದಿಯಿಂದ ಆ ತುದಿಗೆ ನುಗ್ಗುವ ಬಲ ಅವನಿಗೆ ಸಿಕ್ಕಿದ್ದು ಹದಿನೈದನೇ ಶತಮಾನದ ಕೊನೆಗೆ, ಯುರೋಪಿನಲ್ಲಿ. ಆ ಬಲ ನಮ್ಮಲ್ಲಿಗೂ ಬಂತು, ಆದರೆ ಉಳಿದ ದೇಶಿ ನಿಯಮಗಳು ಹಾಗೇ ಉಳಿದವು. ಅಜ್ಜ ಆಡುತ್ತಿದ್ದದ್ದು ಈ ಆಟವನ್ನೇ:

ಪದಾತಿಗೆ ಮೊದಲ ನಡೆಯಲ್ಲೂ ಒಂದೇ ಮನೆ.
ಕೋಟೆ ಕಟ್ಟುವುದು ಇಲ್ಲ. ಅದರ ಬದಲು, ಶಹ ಬೀಳದಿದ್ದರೆ ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದು.
ಪದಾತಿ ಕೊನೆಯ ಸಾಲು ಮುಟ್ಟಿದರೆ ಯಾವ ಸಾಲಿನಲ್ಲಿ ಮುಟ್ಟಿತೋ ಆ ಸಾಲಿನ ಕಾಯಿ ಆಗುತ್ತದೆ. ಕುದುರೆ ಸಾಲಿನದು ಕುದುರೆ, ಆನೆ ಸಾಲಿನದು ಆನೆ.

ಮೂರನೆಯ ನಿಯಮವನ್ನು ಸ್ವಲ್ಪ ಯೋಚಿಸಿ ನೋಡಿ. ನಡುವಿನ ಪದಾತಿಗೆ ಮಂತ್ರಿಯಾಗುವ ಭಾಗ್ಯ. ಅದರಿಂದ ಪಕ್ಕದ ಕಾಯಿ ಹೊಡೆದರೆ ಸಾಲು ಬದಲಾಗಿ ಆ ಭಾಗ್ಯವೂ ಹೋಗಬಹುದು! ಹಾಗಾಗಿ ಹಳಬರು ಒಂದು ಪದಾತಿಯಿಂದ ಹೊಡೆಯುವಾಗಲೂ ಆಟದ ಕೊನೆಯನ್ನು ಕಣ್ಣೆದುರು ಇಟ್ಟುಕೊಂಡೇ ಹೊಡೆಯಬೇಕಿತ್ತು.

ಅಜ್ಜ ಈ ಆಟವನ್ನು ಚದುರಂಗ ಅನ್ನುತ್ತಿರಲಿಲ್ಲ, 'ಬುದ್ಧಿಬಳ' ಅನ್ನುತ್ತಿದ್ದ. ಅದು ಮರಾಠಿಯ ಮಾತು. ಅಚ್ಚರಿಯೇನಿಲ್ಲ, 1948ರವರೆಗೆ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮೀರಜಕ್ಕೆ ಸೇರಿದ್ದವು. ಎರಡೂ ಪಟವರ್ಧನರ ಸಂಸ್ಥಾನಗಳು. ಸಾಂಗಲಿಯಂತೂ ಬುದ್ಧಿಬಳದ ಊರು, ಅಲ್ಲಿಯ ನೂತನ ಬುದ್ಧಿಬಳ ಮಂಡಳ 1941ರಲ್ಲಿ ಶುರುವಾಯಿತು.

ದೇಶಿ ಆಟದಿಂದ ಬಂದವನು ವಿಲಾಯತಿ ಆಟದಲ್ಲಿ ಏನಾಗುತ್ತಾನೆ? ಇದಕ್ಕೆ ದೊಡ್ಡ ಉದಾಹರಣೆ ಪಂಜಾಬಿನ ಮೀರ್ ಸುಲ್ತಾನ್ ಖಾನ್. ಚಿಕ್ಕಂದಿನಲ್ಲಿ ದೇಶಿ ನಿಯಮದಲ್ಲೇ ಕಲಿತವನು. 1929ರಲ್ಲಿ ಲಂಡನ್ನಿಗೆ ಹೋಗಿ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದ, 1932 ಮತ್ತು 1933ರಲ್ಲಿ ಮತ್ತೆ ಗೆದ್ದ. 1930-31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಕ್ಯಾಪಬ್ಲಾಂಕನನ್ನೇ ಸೋಲಿಸಿದ. ಆಟದ ಶುರುವಿನ ಪುಸ್ತಕವಿದ್ಯೆಯಲ್ಲಿ ಅವನು ಹಿಂದೆ. ಕಾಯಿಗಳು ಕಡಿಮೆಯಾದಂತೆ ಅವನ ಕೈ ಮೇಲೆ. 1966ರಲ್ಲಿ ತೀರಿಕೊಂಡ ಅವನಿಗೆ ವಿಶ್ವ ಚೆಸ್ ಸಂಸ್ಥೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ!

ಇಷ್ಟರಲ್ಲಿ ನನಗೆ ತಿಳಿದದ್ದು ಒಂದೇ. ಆಟ ಸುಧಾರಿಸಬೇಕಾದರೆ ಕೊನೆಯಿಂದ ಕಲಿಯಬೇಕು. ತನ್ನನ್ನು ಸೋಲಿಸಿದವನನ್ನು ಹೊಗಳಿದ ಕ್ಯಾಪಬ್ಲಾಂಕ ಹೇಳುತ್ತಿದ್ದುದೂ ಇದನ್ನೇ, ಎಲ್ಲಕ್ಕಿಂತ ಮೊದಲು ಅಂತ್ಯದಾಟ ಕಲಿಯಿರಿ ಅಂತ.

ಮರುದಿನ ಬೆಳಿಗ್ಗೆ ಹುಡುಗನ ಮುಂದೆ ಹಲಗೆ ಹಾಕಿ ಮೂರೇ ಕಾಯಿ ಇಟ್ಟೆ. ಕಾಯಿ ಕಡಿಮೆಯಾದ ಮೇಲೆ ರಾಜ ಅಡಗುವವನಲ್ಲ, ದುಡಿಯುವವನು. ಮೊದಲು ರಾಜ, ಹಿಂದೆ ಪದಾತಿ. ನಿನ್ನ ರಾಜ ತನ್ನ ಪದಾತಿಗಿಂತ ಮುಂದೆ, ಅದೇ ಸಾಲಿನ ಆರನೇ ಮನೆಯಲ್ಲಿ ನಿಂತರೆ ನಡೆ ಯಾರದಾದರೂ ಗೆಲುವು ನಿನ್ನದೇ (ಅಂಚಿನ ಪದಾತಿಗೆ ಮಾತ್ರ ಇದು ನಡೆಯುವುದಿಲ್ಲ). ಇಬ್ಬರು ರಾಜರು ನಡುವೆ ಒಂದೇ ಮನೆ ಬಿಟ್ಟು ಎದುರುಬದುರು ನಿಂತರೆ ಸಾಮಾನ್ಯವಾಗಿ ನಡೆಯಬೇಕಾದವನಿಗೇ ಕಷ್ಟ, ಅವನೇ ದಾರಿ ಬಿಡಬೇಕು. ನಾಲ್ಕು ಸಲ ಸೋತ. ಐದನೇ ಸಲ ರಾಜನನ್ನು ಮೊದಲು ನಡೆಸಿ, ಪದಾತಿಯನ್ನು ಮುಟ್ಟದೆ ಸುಮ್ಮನೆ ಕೂತ. ಗೆದ್ದ.

ಅಜ್ಜನ ನಿಯಮ ಇವತ್ತು ಆಡುವವರಿಲ್ಲ, ನಮ್ಮ ಮನೆಯಲ್ಲಂತೂ ಯಾರೂ ಬರೆದಿಟ್ಟಿಲ್ಲ. ನಾನು ಮೇಲೆ ಬರೆದದ್ದು ನನ್ನ ನೆನಪಿನಲ್ಲಿ ಉಳಿದಷ್ಟು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯವರು ಇದ್ದರೆ ಒಂದು ಕೆಲಸ ಮಾಡಿ. ಮನೆಯ ಹಿರಿಯರನ್ನು ಹಲಗೆಯ ಮುಂದೆ ಕೂರಿಸಿ, ಅವರ ಆಟ ಹೇಗಿತ್ತು ಕೇಳಿ, ಬರೆದಿಡಿ. ತಡ ಮಾಡಬೇಡಿ. ಅವರೂ ಹಿಂದೆ ಬರುವವರಲ್ಲ.