ಕೆ.ಜಿ.ಎಫ್. ಹಾಗೂ ಬಂಗಾರಪೇಟೆ ಪ್ರದೇಶದಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನ: ಮಿತಿಮೀರಿದ ಸೇವನೆಯಿಂದ ಸಂಭವಿಸುವ ಸಾವುಗಳ ತಡೆ – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಮದ್ಯ ಅಥವಾ ಮಾದಕ ವಸ್ತುವಿನ ಸೇವನೆಯನ್ನು ತನ್ನ ಇಚ್ಛೆಯಿಂದ ನಿಲ್ಲಿಸಲಾಗದ ಸ್ಥಿತಿಯನ್ನು ವ್ಯಸನ ಎಂದು ಕರೆಯಲಾಗುತ್ತದೆ. ಇದು ನಡತೆಯ ದೋಷವಲ್ಲ. ಚಿಕಿತ್ಸೆಯಿಂದ ಹತೋಟಿಗೆ ತರಬಹುದಾದ ಕಾಯಿಲೆ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರಲ್ಲಿಯೂ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಲಾಗಿದೆ.

ವ್ಯಸನದಿಂದ ಉಂಟಾಗುವ ಹಠಾತ್ ಸಾವುಗಳಲ್ಲಿ ಅನೇಕವನ್ನು ತಡೆಯಲು ಸಾಧ್ಯವಿದೆ. ಆದರೆ ಮರ್ಯಾದೆಗೆ ಅಂಜಿ ವಿಷಯವನ್ನು ಮುಚ್ಚಿಡುವುದು ಹಾಗೂ ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗಲು ತಡಮಾಡುವುದು ಜೀವಹಾನಿಗೆ ಎಡೆಮಾಡುತ್ತವೆ. ಈ ಭಯವನ್ನು ಹೋಗಲಾಡಿಸುವ ಸಲುವಾಗಿ ಕೆ.ಜಿ.ಎಫ್. ಮತ್ತು ಬಂಗಾರಪೇಟೆ ತಾಲ್ಲೂಕುಗಳ ನಾಗರಿಕರ ಮಾಹಿತಿಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

2. ಪ್ರದೇಶದ ಹಿನ್ನೆಲೆ

ಕೋಲಾರ ಚಿನ್ನದ ಗಣಿಯಲ್ಲಿ 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಆಧುನಿಕ ಗಣಿಗಾರಿಕೆ ಆರಂಭವಾಯಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಪೂರೈಕೆಯಾಯಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸುಮಾರು ಮೂವತ್ತು ಸಾವಿರ ಮಂದಿ ಇಲ್ಲಿ ದುಡಿಯುತ್ತಿದ್ದರು. ತಮಿಳು ಮತ್ತು ತೆಲುಗು ಪ್ರಾಂತ್ಯಗಳಿಂದ ಬಂದ ಕಾರ್ಮಿಕ ಕುಟುಂಬಗಳು ಗಣಿ ಲೈನುಗಳ ಸಾಲುಮನೆಗಳಲ್ಲಿ ನೆಲೆಸಿದವು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರ್ ಮೀರಿತ್ತು. ಆ ಆಳದಲ್ಲಿ ಬಂಡೆಯ ಉಷ್ಣಾಂಶ 60 ಡಿಗ್ರಿ ಸೆಲ್ಸಿಯಸ್‌ಗಿಂತ ಅಧಿಕವಾಗಿರುತ್ತಿತ್ತು. ಶಿಲಾಸ್ಫೋಟ, ಉಸಿರಿಗೆ ಸೇರುವ ಕಲ್ಲಿನ ಧೂಳು ಮತ್ತು ಅದರಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಕಾರ್ಮಿಕರ ನಿತ್ಯದ ಪಾಡಾಗಿದ್ದವು. ದುಡಿದ ಮೈನೋವು ಮರೆಯಲು ಕುಡಿಯುವ ರೂಢಿ ಇಂತಹ ದುಡಿಮೆಯ ಜೊತೆಜೊತೆಗೇ ಬೆಳೆಯಿತು.

1956ರಲ್ಲಿ ಗಣಿಗಳನ್ನು ಸರ್ಕಾರ ವಹಿಸಿಕೊಂಡಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಕೇಂದ್ರೋದ್ಯಮ ಸ್ಥಾಪನೆಯಾಯಿತು. 2001ರ ಫೆಬ್ರವರಿ 28ರಂದು ಗಣಿಗಾರಿಕೆ ಸ್ಥಗಿತಗೊಂಡಿತು. ಇದರಿಂದ ನೌಕರಿ ಮಾತ್ರವಲ್ಲದೆ, ಗಣಿ ಸಂಸ್ಥೆಯನ್ನೇ ಆಶ್ರಯಿಸಿದ್ದ ಒಂದು ಬದುಕಿನ ವ್ಯವಸ್ಥೆಯೂ ಕುಸಿಯಿತು. ತದನಂತರ ಕೆ.ಜಿ.ಎಫ್. ಪಟ್ಟಣವು ಬೆಂಗಳೂರಿನ ದೂರದ ಹೊರವಲಯದಂತೆ ಮಾರ್ಪಟ್ಟಿದೆ. ಮಾರಿಕುಪ್ಪಂ, ಊರಗಾಂ, ಚಾಂಪಿಯನ್ ಮತ್ತು ಕೋರಮಂಡಲ್ ನಿಲ್ದಾಣಗಳಿಂದ ನಸುಕಿನಲ್ಲಿ ರೈಲು ಹತ್ತಿ, ಬಂಗಾರಪೇಟೆ ಜಂಕ್ಷನ್ ಮಾರ್ಗವಾಗಿ ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ಮರಳುವವರ ಸಂಖ್ಯೆ ದೊಡ್ಡದು. ತಂದೆ ತಾಯಿ ಇಬ್ಬರೂ ಹಗಲಿಡೀ ಊರಿನಲ್ಲಿರದ ಮನೆಗಳಲ್ಲಿ ಮಕ್ಕಳ ಮೇಲೆ ನಿಗಾ ಇಡುವವರು ಕಡಿಮೆ. ಆಂಧ್ರಪ್ರದೇಶ ಮತ್ತು ತಮಿಳುನಾಡು ಗಡಿಗಳು ಸಮೀಪದಲ್ಲಿರುವುದರಿಂದ ಅಕ್ರಮ ಸಾಗಣೆಯನ್ನು ತಡೆಯುವುದೂ ಸುಲಭವಲ್ಲ.

3. ಹಾನಿಯ ಸ್ವರೂಪ

ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಮಂತ್ರಾಲಯವು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮೂಲಕ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿಯು 2019ರಲ್ಲಿ ಪ್ರಕಟವಾಯಿತು. ಅದರಂತೆ ದೇಶದಲ್ಲಿ 10ರಿಂದ 75 ವರ್ಷ ವಯಸ್ಸಿನವರ ಪೈಕಿ ಶೇ. 14.6ರಷ್ಟು, ಅಂದರೆ ಸುಮಾರು 16 ಕೋಟಿ ಮಂದಿ ಮದ್ಯ ಸೇವಿಸುತ್ತಾರೆ. ಮದ್ಯವ್ಯಸನಿಗಳ ಪೈಕಿ 38 ಮಂದಿಯಲ್ಲಿ ಒಬ್ಬರು ಮಾತ್ರ ಯಾವುದಾದರೊಂದು ಚಿಕಿತ್ಸೆ ಪಡೆದಿದ್ದರು. ಉಳಿದ 37 ಮಂದಿ ಯಾವ ಚಿಕಿತ್ಸೆಯನ್ನೂ ಪಡೆದಿರಲಿಲ್ಲ.

ಕಳ್ಳಭಟ್ಟಿಯ ದುರಂತಗಳನ್ನು ಈ ಭಾಗವು ಹತ್ತಿರದಿಂದ ಕಂಡಿದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಸೇವಿಸಿ 300ಕ್ಕೂ ಹೆಚ್ಚು ಮಂದಿ ಅಸುನೀಗಿದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟವನ್ನು ನಿಷೇಧಿಸಲಾಯಿತು. ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಜಿಲ್ಲೆ ಹಾಗೂ ನೆರೆಯ ಕೃಷ್ಣಗಿರಿ ಜಿಲ್ಲೆಗಳಲ್ಲಿ ಮೆಥನಾಲ್ ಬೆರೆತ ಕಳ್ಳಮದ್ಯ ಕುಡಿದು 150ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ತಮಿಳುನಾಡಿನ ಕಲ್ಲಕುರುಚ್ಚಿಯಲ್ಲಿ 2024ರ ಜೂನ್‌ನಲ್ಲಿ ಇಂತಹುದೇ ದುರ್ಘಟನೆಯಲ್ಲಿ 60ಕ್ಕೂ ಹೆಚ್ಚು ಸಾವುಗಳಾದವು.

ಮದ್ಯದ ಜೊತೆಗೆ ಗಾಂಜಾ, ನಿದ್ರೆ ಮಾತ್ರೆ, ತೀವ್ರ ನೋವು ನಿವಾರಕ ಔಷಧಿ, ಪಂಕ್ಚರ್ ಅಂಟು ಹಾಗೂ ವೈಟ್ನರ್‌ಗಳ ದುರ್ಬಳಕೆಯೂ ರಾಜ್ಯದ ಪಟ್ಟಣಗಳಲ್ಲಿ ಕಂಡುಬರುತ್ತಿದೆ. ಉಸಿರಿನ ಮೂಲಕ ಎಳೆದುಕೊಳ್ಳುವ ಇಂತಹ ರಾಸಾಯನಿಕಗಳ ಸೇವನೆಯ ಪ್ರಮಾಣ ವಯಸ್ಕರಿಗಿಂತ ಮಕ್ಕಳಲ್ಲಿ ಹೆಚ್ಚು ಎಂದು ಮೇಲ್ಕಂಡ ಸಮೀಕ್ಷೆ ತಿಳಿಸಿದೆ. ಇವುಗಳಿಂದ ಮೊದಲ ಬಾರಿಗೇ ಹೃದಯ ಸ್ತಂಭನವಾಗುವ ಸಂಭವವೂ ಇರುತ್ತದೆ.

4. ಸಾವು ಹೇಗೆ ಸಂಭವಿಸುತ್ತದೆ?

ಅ) ಅಫೀಮು ವರ್ಗದ ಔಷಧಿ ಮತ್ತು ನಿದ್ರೆ ಮಾತ್ರೆಗಳು ಮಿದುಳಿನಲ್ಲಿ ಉಸಿರಾಟವನ್ನು ನಿಯಂತ್ರಿಸುವ ಕೇಂದ್ರವನ್ನು ಮಂದಗೊಳಿಸುತ್ತವೆ. ಇವುಗಳೊಂದಿಗೆ ಮದ್ಯ ಸೇರಿದಲ್ಲಿ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ವ್ಯಕ್ತಿಯು ಗಾಢ ನಿದ್ರೆಯಲ್ಲಿರುವಂತೆ ಕಾಣುತ್ತಾನೆ. ಗೊರಕೆಯಂತಹ ಗರಗರ ಶಬ್ದ ಕೇಳಿಬರುತ್ತದೆ. ಮನೆಯವರು "ಮಲಗಿದ್ದಾನೆ, ಬೆಳಗ್ಗೆ ಸರಿಹೋಗುತ್ತಾನೆ" ಎಂದು ಭಾವಿಸಿ ಬಿಟ್ಟುಬಿಡುತ್ತಾರೆ. ವಾಸ್ತವದಲ್ಲಿ ಅದು ನಿದ್ರೆಯಲ್ಲ, ಉಸಿರು ನಿಲ್ಲುತ್ತಿರುವ ಸೂಚನೆ.

ಆ) ಮೆಥನಾಲ್ ಬೆರೆತ ಮದ್ಯದ ಲಕ್ಷಣಗಳು ಕೂಡಲೇ ಕಾಣಿಸದೆ, ಹಲವು ಗಂಟೆಗಳಿಂದ ಒಂದು ದಿನದ ನಂತರ ಪ್ರಕಟವಾಗಬಹುದು. ತಲೆನೋವು, ವಾಂತಿ, ಹೊಟ್ಟೆನೋವು, ಕಣ್ಣು ಮಂಜಾಗುವುದು ಮುಖ್ಯ ಲಕ್ಷಣಗಳು. ಒಬ್ಬರಲ್ಲಿ ಲಕ್ಷಣ ಕಂಡ ಕೂಡಲೇ, ಅದೇ ಮದ್ಯ ಕುಡಿದ ಎಲ್ಲರನ್ನೂ, ಅವರು ಆರೋಗ್ಯವಾಗಿರುವಂತೆ ಕಂಡರೂ, ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಇ) ಹಲವು ವರ್ಷ ನಿತ್ಯ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದಲ್ಲಿ ಕೈನಡುಕ, ಬೆವರು, ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಭ್ರಮೆಯುಂಟಾಗಿ ಪ್ರಾಣಾಪಾಯವೂ ಆಗಬಹುದು. ಹರಕೆ, ವ್ರತ ಅಥವಾ ಮಾಲಾಧಾರಣೆಗಾಗಿ ಕುಡಿತ ಬಿಡುವವರನ್ನು ಮೊದಲು ವೈದ್ಯರ ಬಳಿ ಕರೆದೊಯ್ಯುವುದು ಸೂಕ್ತ. ಕೋಣೆಯಲ್ಲಿ ಕೂಡಿಹಾಕುವುದು ಚಿಕಿತ್ಸೆಯಲ್ಲ.

ಈ) ಚಿಕಿತ್ಸೆ ಮುಗಿಸಿ ಅಥವಾ ಕಾರಾಗೃಹದಿಂದ ಬಿಡುಗಡೆಯಾಗಿ ಮನೆಗೆ ಮರಳಿದ ಮೊದಲ ವಾರಗಳು ಅತ್ಯಂತ ಅಪಾಯಕಾರಿ. ಬಿಡುವಿನ ಅವಧಿಯಲ್ಲಿ ದೇಹದ ತಾಳಿಕೆ ಕುಗ್ಗಿರುತ್ತದೆ. ಹಳೆಯ ಪ್ರಮಾಣವನ್ನೇ ಮತ್ತೆ ಸೇವಿಸಿದಲ್ಲಿ ಅದೇ ಪ್ರಾಣಾಂತಿಕವಾಗುತ್ತದೆ.

5. ತುರ್ತು ಸಂದರ್ಭದಲ್ಲಿ ಮಾಡಬೇಕಾದುದು

1) ಹೆಸರು ಹಿಡಿದು ಗಟ್ಟಿಯಾಗಿ ಕೂಗಿ, ಭುಜ ಅಲುಗಿಸಿ ನೋಡುವುದು. ಪ್ರತಿಕ್ರಿಯೆ ಇಲ್ಲದಿದ್ದರೆ, ಉಸಿರು ನಿಧಾನವಾಗಿದ್ದರೆ ಅಥವಾ ತುಟಿ, ಉಗುರು ನೀಲಿಗಟ್ಟಿದ್ದರೆ ಕೂಡಲೇ 108ಕ್ಕೆ ಕರೆಮಾಡುವುದು.
2) ಉಸಿರಾಡುತ್ತಿದ್ದಲ್ಲಿ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸುವುದು. ಅಂಗಾತ ಮಲಗಿಸಿದರೆ ವಾಂತಿ ಗಂಟಲಿಗೆ ಸೇರಿ ಉಸಿರು ಕಟ್ಟಬಹುದು.
3) ಉಸಿರು ನಿಂತಿದ್ದಲ್ಲಿ, ಸಹಾಯವಾಣಿಯವರು ದೂರವಾಣಿಯಲ್ಲಿ ನೀಡುವ ಸೂಚನೆಯಂತೆ ಎದೆ ಒತ್ತುವಿಕೆ ಹಾಗೂ ಕೃತಕ ಉಸಿರಾಟ ನೀಡುವುದು.
4) ಪ್ರಜ್ಞೆ ಇಲ್ಲದವರ ಬಾಯಿಗೆ ಮೊಸರು, ನಿಂಬೆರಸ, ಉಪ್ಪುನೀರು ಅಥವಾ ಕಾಫಿ ಹಾಕಬಾರದು. ತಣ್ಣೀರು ಸುರಿಯಬಾರದು. ಒಂಟಿಯಾಗಿ ಬಿಡಬಾರದು.
5) ಸ್ಥಳದಲ್ಲಿ ಸಿಕ್ಕ ಮಾತ್ರೆ ಪಟ್ಟಿ, ಬಾಟಲಿ ಅಥವಾ ಸಿರಿಂಜನ್ನು ಎಸೆಯದೆ ಆಸ್ಪತ್ರೆಗೆ ಒಯ್ಯುವುದು. ಏನನ್ನು ಸೇವಿಸಲಾಗಿದೆ ಎಂಬ ಸತ್ಯ ತಿಳಿದರೆ ಮಾತ್ರ ವೈದ್ಯರು ಸರಿಯಾದ ಪ್ರತ್ಯೌಷಧ ನೀಡಬಲ್ಲರು. ಅಫೀಮು ವರ್ಗದ ಔಷಧಿಗಳಿಗೆ ನಲಾಕ್ಸೋನ್ ಎಂಬ ಚುಚ್ಚುಮದ್ದು ಪ್ರತ್ಯೌಷಧವಾಗಿದೆ.

6. ಕಾನೂನಿನ ರಕ್ಷಣೆ

ಮನೆಯವರಿಗೆ ಇರುವ ಮೊದಲ ಆತಂಕ ಪೊಲೀಸ್ ಪ್ರಕರಣದ್ದು. ಈ ಕುರಿತು ಕೆಳಕಂಡ ಅಂಶಗಳನ್ನು ಗಮನಿಸುವುದು.

ಪರಮಾನಂದ ಕಟಾರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ನೀಡಿದ ತೀರ್ಪಿನಂತೆ, ವೈದ್ಯರ ಮೊದಲ ಕರ್ತವ್ಯ ಪ್ರಾಣ ಉಳಿಸುವುದು. ಕಾನೂನಿನ ಔಪಚಾರಿಕತೆಗಳು ನಂತರದ್ದು. ಆಸ್ಪತ್ರೆಯಲ್ಲಿ ವೈದ್ಯಕೀಯ-ಕಾನೂನು ಪ್ರಕರಣ ಎಂದು ದಾಖಲಿಸಿದ ಮಾತ್ರಕ್ಕೆ ರೋಗಿಯನ್ನು ಆರೋಪಿ ಎಂದು ಅರ್ಥೈಸಬೇಕಾಗಿಲ್ಲ.

ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ವಸ್ತುಗಳ ಅಧಿನಿಯಮ, 1985ರ ಪ್ರಕರಣ 27ರಂತೆ ಸೇವನೆಯು ಶಿಕ್ಷಾರ್ಹ. ಹೆರಾಯಿನ್, ಮಾರ್ಫಿನ್, ಕೊಕೇನ್‌ಗಳ ಸೇವನೆಗೆ ಒಂದು ವರ್ಷದವರೆಗೆ ಕಠಿಣ ಕಾರಾವಾಸ ಅಥವಾ 20,000 ರೂ.ವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಪ್ರಕರಣ 64ಎ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಅಪರಾಧದ ಆರೋಪವಿರುವ ವ್ಯಸನಿಯು ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಇಲ್ಲವೆ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದಲ್ಲಿ, ಆ ಅಪರಾಧಕ್ಕೆ ಮೊಕದ್ದಮೆಯಿಂದ ವಿನಾಯಿತಿ ಇರುತ್ತದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದೆ ಅರ್ಧಕ್ಕೆ ಬಿಟ್ಟಲ್ಲಿ ಈ ವಿನಾಯಿತಿಯನ್ನು ಹಿಂಪಡೆಯಬಹುದು. ಮಾರಾಟಗಾರರಿಗೆ ಈ ರಕ್ಷಣೆ ಇಲ್ಲ.

ಬಾಲನ್ಯಾಯ ಅಧಿನಿಯಮ, 2015ರ ಪ್ರಕರಣ 77ರಂತೆ ಮಕ್ಕಳಿಗೆ ಮದ್ಯ ಅಥವಾ ಮಾದಕ ವಸ್ತು ನೀಡುವವರಿಗೆ ಏಳು ವರ್ಷಗಳವರೆಗೆ ಕಠಿಣ ಕಾರಾವಾಸ ಮತ್ತು ಒಂದು ಲಕ್ಷ ರೂ.ವರೆಗೆ ಜುಲ್ಮಾನೆ ವಿಧಿಸಬಹುದಾಗಿದೆ. ನೋವು ನಿವಾರಕವಾದ ಟ್ರಮಡಾಲ್ ಔಷಧಿಯನ್ನು 2018ರಿಂದ ಮನೋಪ್ರಭಾವಿ ವಸ್ತುಗಳ ಪಟ್ಟಿಗೆ ಸೇರಿಸಲಾಗಿದ್ದು, ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವುದು ಅಪರಾಧವಾಗಿರುತ್ತದೆ.

7. ಕುಟುಂಬದ ಲೆಕ್ಕ

ವ್ಯಸನವು ಮನೆಯ ಹಣಕಾಸನ್ನು ಸದ್ದಿಲ್ಲದೆ ಬರಿದುಮಾಡುತ್ತದೆ. ಉದಾಹರಣೆಗೆ, ದಿನಕ್ಕೆ 150 ರೂ. ಕುಡಿತಕ್ಕೆ ಹೋದಲ್ಲಿ ವರ್ಷಕ್ಕೆ 54,750 ರೂ. ಆಗುತ್ತದೆ. ಕೂಲಿ ತಪ್ಪಿದ ದಿನಗಳು, ಒತ್ತೆಯಿಟ್ಟ ಒಡವೆಯ ಬಡ್ಡಿ ಮತ್ತು ಆಸ್ಪತ್ರೆ ಖರ್ಚು ಇದರಲ್ಲಿ ಸೇರಿಲ್ಲ. ಕೊನೆಗೆ ದುಡಿಯುವ ವ್ಯಕ್ತಿಯೇ ಇಲ್ಲವಾದಾಗ ಆಗುವ ನಷ್ಟವನ್ನು ಯಾವ ಲೆಕ್ಕಪತ್ರದಲ್ಲಿಯೂ ತೋರಿಸಲಾಗದು.

8. ಚಿಕಿತ್ಸೆ ದೊರೆಯುವ ಸ್ಥಳಗಳು

ಚಿಕಿತ್ಸೆಯ ಮೊದಲ ಹಂತದಲ್ಲಿ ದೇಹದಿಂದ ವಿಷವನ್ನು ಹೊರಹಾಕಿ, ಬಿಡುವಿಕೆಯ ತೊಂದರೆಗಳನ್ನು ಔಷಧಿಗಳಿಂದ ಶಮನಗೊಳಿಸಲಾಗುತ್ತದೆ. ತದನಂತರ ಆಪ್ತಸಮಾಲೋಚನೆ, ಮರುಕಳಿಕೆ ತಡೆಯುವ ಔಷಧಿ ಮತ್ತು ನಿಯಮಿತ ಭೇಟಿ ಅಗತ್ಯ. ಒಮ್ಮೆ ಮರುಕಳಿಸಿದರೆ ಚಿಕಿತ್ಸೆ ವಿಫಲವಾಯಿತೆಂದು ಕೈಚೆಲ್ಲಬಾರದು. ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡದಂತೆ ಇದಕ್ಕೂ ದೀರ್ಘಕಾಲದ ಆರೈಕೆ ಬೇಕಾಗುತ್ತದೆ.

ಪ್ರಥಮವಾಗಿ ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸುವುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯಕೀಯ ಸೇವೆಯನ್ನು ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯ ಮೂಲಕ ಪಡೆಯಬಹುದಾಗಿದೆ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ದೂರವಾಣಿ ಸೇವೆಗಳು:
ತುರ್ತು ಆಂಬುಲೆನ್ಸ್ – 108
ತುರ್ತು ಪೊಲೀಸ್ ಸಹಾಯ – 112
ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ – 14446
ಟೆಲಿ ಮಾನಸ್ ಮಾನಸಿಕ ಆರೋಗ್ಯ ಸೇವೆ – 14416
ಮಕ್ಕಳ ಸಹಾಯವಾಣಿ – 1098

ಟೆಲಿ ಮಾನಸ್ ಸೇವೆಯು 2022ರ ಅಕ್ಟೋಬರ್ 10ರಂದು ಆರಂಭವಾಗಿದ್ದು, ಕನ್ನಡವಲ್ಲದೆ ತಮಿಳು, ತೆಲುಗು ಭಾಷೆಗಳಲ್ಲಿಯೂ ದೊರೆಯುತ್ತದೆ. ಕೆ.ಜಿ.ಎಫ್. ಭಾಗದ ಕುಟುಂಬಗಳು ತಮ್ಮ ಮನೆಮಾತಿನಲ್ಲಿಯೇ ಕಷ್ಟ ಹೇಳಿಕೊಳ್ಳಬಹುದಾಗಿದೆ.

9. ಸಾರ್ವಜನಿಕರ ಸಹಕಾರ

ಶಾಲೆ ಬಿಟ್ಟು ತಿರುಗುವ ಮಕ್ಕಳು, ಮುಚ್ಚಿದ ಗಣಿಯ ಪಾಳು ಕಟ್ಟಡಗಳಲ್ಲಿ ಗುಂಪುಗೂಡುವ ಯುವಕರು ಕಂಡುಬಂದಲ್ಲಿ ಶಿಕ್ಷಕರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಹಾಗೂ ಸ್ವಸಹಾಯ ಸಂಘಗಳ ಸದಸ್ಯೆಯರು ಅವರನ್ನು ಬೈದು ಓಡಿಸದೆ ಮಾತನಾಡಿಸುವುದು ಮೇಲು. ಮಾದಕ ವಸ್ತು ಮಾರಾಟದ ಮಾಹಿತಿಯನ್ನು ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಬಕಾರಿ ಕಚೇರಿಗೆ ನೀಡುವುದು.

ವ್ಯಸನಿಯನ್ನು ಊರು ದೂರವಿಟ್ಟಲ್ಲಿ ಆತನು ಒಂಟಿಯಾಗಿ, ಬಾಗಿಲು ಹಾಕಿಕೊಂಡು ಸೇವಿಸುತ್ತಾನೆ. ಬಾಗಿಲು ಹಾಕಿದ ಕೋಣೆಯಲ್ಲಿ ಉಸಿರು ನಿಂತಾಗ ನೋಡುವವರು ಯಾರೂ ಇರುವುದಿಲ್ಲ. ಆದುದರಿಂದ ನೆರೆಹೊರೆಯವರು ನಾಚಿಕೆ ಹಾಗೂ ಭಯವನ್ನು ಬದಿಗಿರಿಸಿ, ಸಕಾಲದಲ್ಲಿ ಚಿಕಿತ್ಸೆಗೆ ಕರೆದೊಯ್ದು ಜೀವ ಉಳಿಸಲು ಸಹಕರಿಸಬೇಕಾಗಿ ಕೋರಲಾಗಿದೆ.