ಖರ್ಚಿನ ಲೆಕ್ಕ, ರಸೀದಿಯ ಹುಡುಕಾಟ: ಯಾವ ತಂತ್ರಾಂಶ ಯಾರಿಗೆ?



ಅಮೆರಿಕಾದ ನಮ್ಮ ಊರಿನ ಕನ್ನಡ ಕೂಟದ ಖಜಾಂಚಿ ಕೆಲಸ ಕಳೆದ ವರ್ಷ ನನ್ನ ಹೆಗಲಿಗೆ ಬಂತು. "ಸಾಫ್ಟ್‌ವೇರ್ ಇಂಜಿನಿಯರ್ ಅಲ್ವಾ, ನಿಮಗೇನು ಕಷ್ಟ?" ಎಂದು ಎಲ್ಲರೂ ಸೇರಿ ಒಪ್ಪಿಸಿದರು. ಹಿಂದಿನವರಿಂದ ನನ್ನ ಕೈಗೆ ಬಂದದ್ದು ಒಂದು ಶೂ ಡಬ್ಬಿ ತುಂಬ ರಸೀದಿ, ಒಂದು ಪೆನ್ ಡ್ರೈವ್, ಮೂರು ಎಕ್ಸೆಲ್ ಕಡತ. ಎರಡೇ ವಾರದಲ್ಲಿ ಹಿರಿಯರೊಬ್ಬರು ಫೋನ್ ಮಾಡಿದರು. "ಎರಡು ವರ್ಷದ ಹಿಂದೆ ರಾಜ್ಯೋತ್ಸವಕ್ಕೆ ಹಾಲ್ ಮುಂಗಡ ನನ್ನ ಕಾರ್ಡಿನಿಂದಲೇ ಕಟ್ಟಿದ್ದೆನಪ್ಪ. ಅದು ವಾಪಸು ಬಂತೋ ಇಲ್ಲವೋ, ಸ್ವಲ್ಪ ನೋಡಿ ಹೇಳ್ತೀಯಾ?" ನೋಡಿ ಹೇಳಲು ನನಗೆ ಮೂರು ಸಂಜೆ ಹಿಡಿಯಿತು. ಅವರಿಗೆ 400 ಡಾಲರ್ ಬರಬೇಕಿತ್ತು. ಕೇಳಲು ಸಂಕೋಚಪಟ್ಟು ಅಷ್ಟು ದಿನ ಸುಮ್ಮನಿದ್ದರು.

ಲೆಕ್ಕ ಬರೆದಿರಲಿಲ್ಲ ಅಂತಲ್ಲ. ಬರೆದಿತ್ತು, ಆದರೆ ಸಿಗುವಂತಿರಲಿಲ್ಲ. ಖರ್ಚು ನಿರ್ವಹಣೆಯ ತಂತ್ರಾಂಶ ಮತ್ತು ಹುಡುಕಾಟದ ತಂತ್ರಾಂಶ ಎಂದು ಮಾರುಕಟ್ಟೆಯಲ್ಲಿ ಬೇರೆ ಬೇರೆ ಮಾರುತ್ತಾರೆ. ನನಗೆ ಅವೆರಡೂ ಒಂದೇ ಕೆಲಸದ ಎರಡು ತುದಿಗಳಾಗಿ ಕಂಡವು. ಸಣ್ಣ ವ್ಯಾಪಾರ ನಡೆಸುತ್ತಿರುವ ನಮ್ಮವರಿಗೂ, ಕೂಟಗಳಲ್ಲಿ ದುಡಿಯುವ ಸ್ವಯಂಸೇವಕರಿಗೂ ಉಪಯೋಗವಾಗಲಿ ಎಂದು ನಾನು ಬಳಸಿ ನೋಡಿದ್ದನ್ನೂ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಕಾನೂನಿನ ಮಾತು ಸ್ವಲ್ಪ

501(ಸಿ)(3) ಮಾನ್ಯತೆ ಪಡೆದ ಕೂಟದ ವಾರ್ಷಿಕ ಒಟ್ಟು ಸ್ವೀಕೃತಿ ಸಾಮಾನ್ಯವಾಗಿ 50,000 ಡಾಲರ್ ಮೀರದಿದ್ದರೆ ಫಾರ್ಮ್ 990-ಎನ್ ಎಂಬ ಪುಟ್ಟ ಇ-ಪೋಸ್ಟ್‌ಕಾರ್ಡ್ ಸಲ್ಲಿಸಿದರೆ ಸಾಕು. ಅದನ್ನೂ ಸತತ ಮೂರು ವರ್ಷ ಮರೆತರೆ ತೆರಿಗೆ ವಿನಾಯಿತಿ ತಾನಾಗಿಯೇ ರದ್ದಾಗುತ್ತದೆ. ಒಂದೇ ಸಲಕ್ಕೆ 250 ಡಾಲರ್ ಅಥವಾ ಹೆಚ್ಚು ದಾನ ಕೊಟ್ಟವರು ಅದನ್ನು ತೆರಿಗೆಯಲ್ಲಿ ಕಳೆಯಬೇಕಾದರೆ ಕೂಟದ ಲಿಖಿತ ಸ್ವೀಕೃತಿ ಬೇಕು. ಸ್ವಂತ ವ್ಯಾಪಾರದವರ ಪ್ರಯಾಣದಲ್ಲಿ ತಂಗುವ ಖರ್ಚಿಗೆ ಮೊತ್ತ ಎಷ್ಟೇ ಇರಲಿ ರಸೀದಿ ಬೇಕು; ಉಳಿದ ಖರ್ಚು 75 ಡಾಲರ್ ಮುಟ್ಟಿದರೆ ಬೇಕು. ದಾಖಲೆಗಳನ್ನು ಸಾಮಾನ್ಯವಾಗಿ ಕನಿಷ್ಠ 3 ವರ್ಷ ಇಟ್ಟುಕೊಳ್ಳಬೇಕು. ಥರ್ಮಲ್ ಕಾಗದದ ಬಿಲ್ಲು ಅಷ್ಟು ದಿನ ಬಾಳುವುದಿಲ್ಲ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟರೆ ಅಂತೂ ಮುಗಿದೇ ಹೋಯಿತು. ಓದಲು ಸ್ಪಷ್ಟವಾಗಿರುವ ಡಿಜಿಟಲ್ ಪ್ರತಿಯನ್ನು ಐಆರ್‌ಎಸ್ ಒಪ್ಪುತ್ತದೆ. ಹಾಗಾಗಿ ಅಂಗಡಿಯಿಂದ ಹೊರಬರುವ ಮೊದಲೇ ಬಿಲ್ಲಿನ ಫೋಟೋ ತೆಗೆದುಬಿಡಿ.

ಖರ್ಚಿನ ತಂತ್ರಾಂಶಗಳು

ದೊಡ್ಡ ಕಂಪನಿಗಳಲ್ಲಿ ಇರುವವರಿಗೆ ಕಾಂಕರ್ ಗೊತ್ತೇ ಇರುತ್ತದೆ. 1993ರಲ್ಲಿ ಹುಟ್ಟಿದ ಈ ಕಂಪನಿಯನ್ನು 2014ರಲ್ಲಿ ಜರ್ಮನಿಯ ಎಸ್‌ಎಪಿ ಸುಮಾರು 830 ಕೋಟಿ ಡಾಲರಿಗೆ ಕೊಂಡಿತು. ವಿಮಾನದ ಟಿಕೆಟ್, ಮ್ಯಾನೇಜರ್ ಒಪ್ಪಿಗೆ, ಊಟದ ಮಿತಿ ಎಲ್ಲವೂ ಒಂದೇ ಕಡೆ. ನೂರಾರು ಉದ್ಯೋಗಿಗಳಿದ್ದರೆ ಸರಿ, ಹತ್ತು ಜನರ ಅಂಗಡಿಗೆ ಅದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. 2008ರಲ್ಲಿ ಶುರುವಾದ ಎಕ್ಸ್‌ಪೆನ್ಸಿಫೈ ಹೆಸರಾದದ್ದು ರಸೀದಿಯ ಫೋಟೋ ಓದಿ ಅಂಗಡಿಯ ಹೆಸರು, ದಿನಾಂಕ, ಮೊತ್ತ ತುಂಬಿಕೊಡುವುದಕ್ಕೆ. ಚೆನ್ನೈ ಮೂಲದ ಜೋಹೋದ ಖರ್ಚು ತಂತ್ರಾಂಶವೂ ಇದೇ ಕೆಲಸ ಮಾಡುತ್ತದೆ. ಬೆಂಗಳೂರಿನಲ್ಲೂ ಇಲ್ಲೂ ಕಚೇರಿ ಇಟ್ಟುಕೊಂಡವರಿಗೆ ನಾನು ಜೋಹೋವನ್ನೇ ಹೇಳುತ್ತೇನೆ, ಜಿಎಸ್‌ಟಿ ಲೆಕ್ಕಕ್ಕೂ ಅದರಲ್ಲಿ ಜಾಗವಿದೆ.

ಕ್ವಿಕ್‌ಬುಕ್ಸ್ ಮೂಲತಃ ಲೆಕ್ಕಪತ್ರದ ತಂತ್ರಾಂಶ, ಖರ್ಚು ಅದರ ಒಂದು ಭಾಗ. ಇಲ್ಲಿನ ಹೆಚ್ಚಿನ ಸಿಪಿಎಗಳಿಗೆ ಪರಿಚಿತ ಎನ್ನುವುದೇ ಅದರ ದೊಡ್ಡ ಗುಣ. ಅದರ ಡೆಸ್ಕ್‌ಟಾಪ್ ಪ್ರೊ ಮತ್ತು ಪ್ರೀಮಿಯರ್ ಆವೃತ್ತಿಗಳನ್ನು ಅಮೆರಿಕಾದ ಹೊಸ ಗ್ರಾಹಕರಿಗೆ ಮಾರುವುದನ್ನು 2024ರ ಸೆಪ್ಟೆಂಬರ್ ಕೊನೆಗೆ ನಿಲ್ಲಿಸಿದರು. ಜ್ಞೂಕ್ಯಾಶ್ ಉಚಿತ, ಮುಕ್ತ ತಂತ್ರಾಂಶ. ಜಮಾ-ಖರ್ಚು ಎರಡೂ ಕಡೆ ಬರೆಯುವ ಶಿಸ್ತು ಅದರಲ್ಲಿದೆ, ಪ್ರತಿ ನಮೂದಿಗೂ ರಸೀದಿಯ ಕಡತವನ್ನು ಜೋಡಿಸಬಹುದು. ಆದರೆ ಫೋಟೋ ಓದುವುದಿಲ್ಲ, ಎಲ್ಲವನ್ನೂ ಕೈಯಲ್ಲೇ ತುಂಬಬೇಕು.

ಬೆಲೆ ಇಲ್ಲಿ ಬರೆದಿಲ್ಲ, ಅದು ಆಗಾಗ ಬದಲಾಗುತ್ತದೆ. ಬದಲಿಗೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾಳೆ ಈ ಕಂಪನಿ ಬಾಗಿಲು ಮುಚ್ಚಿದರೆ ನನ್ನ ರಸೀದಿಗಳು ಹೇಗೆ ಹೊರಗೆ ಬರುತ್ತವೆ? ಮೈಕ್ರೋಸಾಫ್ಟ್ ಮನಿ ಮಾರಾಟ 2009ರಲ್ಲಿ ನಿಂತಿತು. ನಮ್ಮಲ್ಲಿ ಎಷ್ಟೋ ಮನೆಗಳವರು ನೆಚ್ಚಿಕೊಂಡಿದ್ದ ಮಿಂಟ್ 2024ರ ಮಾರ್ಚ್‌ನಲ್ಲಿ ಮುಚ್ಚಿತು. ಸಿಎಸ್‌ವಿ ಕಡತ ಎಲ್ಲರೂ ಕೊಡುತ್ತಾರೆ, ಅದರಲ್ಲಿ ಅಂಕಿಗಳು ಮಾತ್ರ ಬರುತ್ತವೆ. ಫೋಟೋಗಳೂ ಬರುತ್ತವೆಯೇ, ಯಾವ ಫೋಟೋ ಯಾವ ಸಾಲಿನದು ಎಂದು ಗೊತ್ತಾಗುತ್ತದೆಯೇ ಎಂದು ಮೊದಲ ತಿಂಗಳಲ್ಲೇ ಪರೀಕ್ಷಿಸಿ.

ಹುಡುಕಾಟ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹುಡುಕುವುದರಲ್ಲಿ ಎರಡು ಬಗೆ. ಒಂದು, ಕಡತದ ಹೆಸರನ್ನು ಹುಡುಕುವುದು. ವಿಂಡೋಸ್‌ನಲ್ಲಿ 'ಎವೆರಿಥಿಂಗ್' ಎಂಬ ಪುಟ್ಟ ಉಚಿತ ತಂತ್ರಾಂಶ ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆ. ಕಡತಕ್ಕೆ 2024-11-02-ಹಾಲ್-ಮುಂಗಡ ಎಂದು ವರ್ಷ ಮೊದಲಿಟ್ಟು ಹೆಸರಿಡುವ ಅಭ್ಯಾಸವಿದ್ದರೆ ಅರ್ಧ ಕೆಲಸ ಇದರಲ್ಲೇ ಮುಗಿಯುತ್ತದೆ.

ಎರಡನೆಯದು, ಕಡತದ ಒಳಗಿನ ಮಾತನ್ನು ಹುಡುಕುವುದು. ಇದಕ್ಕೆ ಪದಗಳ ಸೂಚಿ ಮೊದಲೇ ತಯಾರಿರಬೇಕು, ಪುಸ್ತಕದ ಕೊನೆಯಲ್ಲಿ ಇರುತ್ತದಲ್ಲ, ಹಾಗೆ. ಮ್ಯಾಕ್‌ನಲ್ಲಿ 2005ರಿಂದ ಸ್ಪಾಟ್‌ಲೈಟ್ ಇದೆ, ವಿಂಡೋಸ್‌ಗೂ ತನ್ನದೇ ಹುಡುಕಾಟವಿದೆ. 2004ರ ಗೂಗಲ್ ಡೆಸ್ಕ್‌ಟಾಪ್ ನನಗೆ ಬಹಳ ಇಷ್ಟವಾಗಿತ್ತು; 2011ರಲ್ಲಿ ನಿಲ್ಲಿಸಿಬಿಟ್ಟರು. ಕಚೇರಿಗಳಿಗೆಂದು ಗೂಗಲ್ 2002ರಿಂದ ಮಾರುತ್ತಿದ್ದ ಹಳದಿ ಪೆಟ್ಟಿಗೆಯನ್ನೂ ಕೈಬಿಡುವುದಾಗಿ 2016ರಲ್ಲಿ ಹೇಳಿತು. ಉಳಿದು ಬೆಳೆದದ್ದು ಮುಕ್ತ ತಂತ್ರಾಂಶ: ಡಗ್ ಕಟಿಂಗ್ 1999ರಲ್ಲಿ ಬರೆದ ಲೂಸೀನ್, ಅದರ ಮೇಲೆ ಕಟ್ಟಿದ ಸೋಲರ್, 2010ರಲ್ಲಿ ಬಂದ ಎಲಾಸ್ಟಿಕ್‌ಸರ್ಚ್. ವ್ಯಾಪಾರಕ್ಕೆ ಸ್ವಂತ ಸರ್ವರ್ ಇದ್ದು, ಲಕ್ಷಗಟ್ಟಲೆ ದಾಖಲೆಗಳಿದ್ದರೆ ಮಾತ್ರ ಇವುಗಳ ಗೋಜಿಗೆ ಹೋಗಿ. ಒಂದೇ ಗಣಕಯಂತ್ರಕ್ಕಾದರೆ ಲೂಸೀನ್ ಬಳಸುವ ಡಾಕ್‌ಫೆಚರ್ ಸಾಕು.

ನನ್ನ ಮೂರು ಸಂಜೆ ಎಲ್ಲಿ ಹೋದವು ಎಂಬುದನ್ನು ಈಗ ಹೇಳುತ್ತೇನೆ. ಪೆನ್ ಡ್ರೈವ್‌ನಲ್ಲಿ ಹಳೆಯ ಸಭೆಗಳ ನಡಾವಳಿ ಎಲ್ಲವೂ ಕನ್ನಡದಲ್ಲಿತ್ತು. ನೋಡಿ ಸಂತೋಷಪಟ್ಟು 'ಮುಂಗಡ' ಎಂದು ಹುಡುಕಿದೆ. ಒಂದೂ ಸಿಗಲಿಲ್ಲ. ಕಣ್ಣೆದುರಿಗೇ ಆ ಪದ ಇದೆ, ಗಣಕಯಂತ್ರ ಇಲ್ಲ ಎನ್ನುತ್ತದೆ! ಕಾರಣ, ಅವು ಯೂನಿಕೋಡ್ ಅಲ್ಲದ ಹಳೆಯ ನುಡಿ ಮತ್ತು ಬರಹ ಅಕ್ಷರಶೈಲಿಗಳಲ್ಲಿ ಬರೆದವು. ಅಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಚಿತ್ರ ಹೊದಿಸಿರುತ್ತಾರೆ. ನಮಗೆ ಕನ್ನಡ ಕಾಣುತ್ತದೆ, ಯಂತ್ರಕ್ಕೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಯಾವ ದುಬಾರಿ ತಂತ್ರಾಂಶ ತಂದರೂ ಇದಕ್ಕೆ ಪರಿಹಾರವಿಲ್ಲ. ಪರಿವರ್ತಕ ಬಳಸಿ ಯೂನಿಕೋಡಿಗೆ ಬದಲಿಸಬೇಕು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ಸರಿಪಡಿಸಬೇಕು.

ಯೂನಿಕೋಡ್ ಆದ ಮೇಲೂ ಕನ್ನಡಕ್ಕೆ ಇನ್ನೊಂದು ತೊಡಕಿದೆ. ಸಭಾಂಗಣ, ಸಭಾಂಗಣದ, ಸಭಾಂಗಣಕ್ಕೆ, ಸಭಾಂಗಣದಲ್ಲಿ ಎಲ್ಲವೂ ನಮಗೆ ಒಂದೇ, ಸೂಚಿಗೆ ನಾಲ್ಕು ಬೇರೆ ಪದಗಳು. ಆದ್ದರಿಂದ ಪದದ ಮೊದಲ ಭಾಗ ಹೊಂದಿದರೂ ತೋರಿಸುವ ಸೌಲಭ್ಯ ಇದೆಯೇ ನೋಡಿ. ಎಲಾಸ್ಟಿಕ್‌ಸರ್ಚ್‌ನಲ್ಲಿ ಪದಗಳನ್ನು ತುಂಡು ತುಂಡಾಗಿ ಸೂಚಿಗೆ ಸೇರಿಸಿ ಇದನ್ನು ಸಾಧಿಸಬಹುದು. ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಸುಲಭ ಎಂದುಕೊಳ್ಳಬೇಡಿ. ರಾಜ್ಯೋತ್ಸವದ ತಕಾರಕ್ಕೆ ಒಬ್ಬರು ಬರೀ ಟಿ ಹಾಕುತ್ತಾರೆ, ಇನ್ನೊಬ್ಬರು ಟಿ ಮುಂದೆ ಎಚ್ ಸೇರಿಸುತ್ತಾರೆ. ಲೂಸೀನ್ ಕುಟುಂಬದ ತಂತ್ರಾಂಶಗಳು ಎರಡು ಅಕ್ಷರದವರೆಗಿನ ಇಂಥ ವ್ಯತ್ಯಾಸವನ್ನು ಸಹಿಸಿಕೊಂಡು ಹುಡುಕಬಲ್ಲವು, ಕಡತದ ಹೆಸರು ಹುಡುಕುವ ಸಣ್ಣ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ.

ಮುದ್ರಿತ ಕನ್ನಡ ಬಿಲ್ಲನ್ನು ಓದಲು ಉಚಿತವಾದ ಟೆಸೆರಾಕ್ಟ್‌ಗೆ ಕನ್ನಡ ಬರುತ್ತದೆ. ಗೂಗಲ್ ಡ್ರೈವ್‌ನಲ್ಲಿಟ್ಟ ಚಿತ್ರವನ್ನು ಗೂಗಲ್ ಡಾಕ್ಸ್ ಮೂಲಕ ತೆರೆದರೂ ಅಕ್ಷರಗಳು ಸಿಗುತ್ತವೆ. ಬೆಂಗಳೂರಿನಿಂದ ಯಕ್ಷಗಾನದ ವೇಷಭೂಷಣ ತರಿಸಿದಾಗ ಬಂದ ಕೈಬರಹದ ರಸೀದಿಯನ್ನು ಮಾತ್ರ ನನ್ನ ಪ್ರಯೋಗದಲ್ಲಿ ಯಾವುದೂ ಸರಿಯಾಗಿ ಓದಲಿಲ್ಲ. ಅಂಥವಕ್ಕೆ ಕೆಳಗೆ ಒಂದು ಸಾಲು ನಾವೇ ಟೈಪ್ ಮಾಡಿ ಸೇರಿಸುತ್ತಿದ್ದೇವೆ.

ಸದ್ಯ ನಮ್ಮ ಕೂಟದ ಲೆಕ್ಕ ಜ್ಞೂಕ್ಯಾಶ್‌ನಲ್ಲಿದೆ, ರಸೀದಿಗಳು ಕೂಟದ ಹೆಸರಿನ ಡ್ರೈವ್‌ನಲ್ಲಿವೆ, ಯಾರೊಬ್ಬರ ಸ್ವಂತ ಖಾತೆಯಲ್ಲಿ ಅಲ್ಲ. ಪಾಸ್‌ವರ್ಡ್ ಇಬ್ಬರ ಬಳಿ ಇದೆ. ಹಿರಿಯರಿಗೆ ಅವರ 400 ಡಾಲರ್ ಚೆಕ್ ತಲುಪಿದೆ. ನಿಮ್ಮಲ್ಲಿ ಯಾರಾದರೂ ಹಿಂದೆ ಕೂಟಕ್ಕಾಗಿ ಕೈಯಿಂದ ಹಣ ಹಾಕಿ ಕೇಳದೆ ಬಿಟ್ಟಿದ್ದರೆ ದಯವಿಟ್ಟು ಸಂಕೋಚ ಬಿಟ್ಟು ಖಜಾಂಚಿಗೆ ಮಿಂಚಂಚೆ ಬರೆಯಿರಿ, ದಿನಾಂಕ ಅಂದಾಜು ಹೇಳಿದರೂ ಸಾಕು.