ಗಡಿಯಾಚೆಯ ಓದುಗ: ಪತ್ರಿಕೆ, ಬ್ಲಾಗು ಮತ್ತು ಆದವಾನಿ ಸೀಮೆ

ಪ್ರಸ್ತಾವನೆ

ಬ್ಲಾಗಿಗೂ ಪತ್ರಿಕೆಗೂ ಇರುವ ಸಂಬಂಧದ ಚರ್ಚೆ ಬಹುಮಟ್ಟಿಗೆ ಮಹಾನಗರಗಳ ಅನುಭವವನ್ನು ನೆಚ್ಚಿಕೊಂಡಿದೆ. ಬೆಳಗಾದರೆ ನಾಲ್ಕಾರು ಪತ್ರಿಕೆ ಸಿಗುವ ಓದುಗನಿಗೆ ಬ್ಲಾಗು ಮತ್ತೊಂದು ದನಿ, ಅಷ್ಟೆ. ತನ್ನೂರಿನ ಸುದ್ದಿಯನ್ನು ಮನೆಮಾತಿನಲ್ಲಿ ಓದುವ ಅವಕಾಶವೇ ಕಡಿಮೆಯಿರುವ ಓದುಗನಿಗೆ ಬ್ಲಾಗು ಏನನ್ನು ಕೊಟ್ಟಿತು? ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ಅಂದರೆ ಆದವಾನಿ, ಆಲೂರು, ಹೊಳಗುಂದ, ಕೌತಾಳಂ, ಕೋಸಿಗಿಗಳಲ್ಲಿ ನಿಂತು ಕೇಳಿದಾಗ ಈ ಪ್ರಶ್ನೆಗೆ ಬೇರೆಯೇ ತೂಕ ಬರುತ್ತದೆ. ದಾಸ ಪರಂಪರೆಯ ಗುರುಜಗನ್ನಾಥದಾಸರು ಕನ್ನಡದಲ್ಲಿ ಹಾಡಿದ ಸೀಮೆ ಇದು. ಬ್ಲಾಗು ಪತ್ರಿಕೆಯ ಆವೃತ್ತಿಗಳು ಹಾಕಿಕೊಂಡ ಗಡಿಯನ್ನು ದಾಟಿತು, ಆದರೆ ಗಡಿಯಾಚೆ ಒಬ್ಬ ವರದಿಗಾರನನ್ನು ನಿಲ್ಲಿಸುವುದು ಅದರಿಂದ ಆಗಲಿಲ್ಲ ಎಂಬುದು ಈ ಲೇಖನದ ವಾದ.

1. ಬಳ್ಳಾರಿಯ ಅಚ್ಚುಕೂಟ

ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದರು. ಅದು ಕಲ್ಲಚ್ಚಿನ ಪಾಕ್ಷಿಕ. ಊರ ವರ್ತಮಾನ, ಸರ್ಕಾರದ ನಿರೂಪ, ಪರದೇಶದ ಸುದ್ದಿ, ನೀತಿ, ಕಥೆ ಎಲ್ಲವೂ ಅದರಲ್ಲಿದ್ದವು. ಮರುವರ್ಷವೇ ಪತ್ರಿಕೆ ಬಳ್ಳಾರಿಗೆ ಬಂದು, ಅಲ್ಲಿನ ಮೊಳೆಯಚ್ಚಿನಲ್ಲಿ 'ಕನ್ನಡ ಸಮಾಚಾರ' ಎಂಬ ಹೆಸರು ಪಡೆಯಿತು.

ಈ ಸ್ಥಳಾಂತರಕ್ಕೆ ಪತ್ರಿಕಾ ಚರಿತ್ರೆಗಳು ಒಂದೆರಡು ಸಾಲು ಕೊಟ್ಟು ಮುಂದೆ ಹೋಗುತ್ತವೆ. ಆದವಾನಿಯ ಮಟ್ಟಿಗೆ ಅದು ದೊಡ್ಡ ಸಂಗತಿ. 1800ರಲ್ಲಿ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲಗಳನ್ನು 1808ರಲ್ಲಿ ಬಳ್ಳಾರಿ ಮತ್ತು ಕಡಪ ಎಂಬ ಎರಡು ಜಿಲ್ಲೆಗಳಾಗಿ ವಿಂಗಡಿಸಿದಾಗ ಆದವಾನಿ ಬಳ್ಳಾರಿಯ ಪಾಲಿಗೆ ಬಂದಿತ್ತು. ಹೀಗಾಗಿ ಕನ್ನಡದ ಮೊದಲ ಪತ್ರಿಕೆ ತನ್ನ ಎರಡನೆಯ ವರ್ಷದಲ್ಲಿ ಅಚ್ಚಾದದ್ದು ಆದವಾನಿಯವರ ಜಿಲ್ಲಾ ಕೇಂದ್ರದಲ್ಲಿಯೇ.

ಒಬ್ಬನ ಮುತುವರ್ಜಿ, ಸಣ್ಣ ಬಂಡವಾಳ, ಸುದ್ದಿಯ ಜೊತೆಗೆ ಅಭಿಪ್ರಾಯ: ಮೊದಲ ಪತ್ರಿಕೆಯ ಈ ಲಕ್ಷಣಗಳು ನೂರೈವತ್ತು ವರ್ಷಗಳ ಅನಂತರ ಬ್ಲಾಗಿನಲ್ಲಿ ಮರಳಿ ಕಾಣಿಸಿಕೊಂಡವು. ಸಂಪಾದಕೀಯ ವಿಭಾಗ, ಪೂರ್ಣಾವಧಿ ವರದಿಗಾರ, ಜಾಹೀರಾತು, ವಿತರಣೆಯ ಜಾಲ ಇವೆಲ್ಲ ಪತ್ರಿಕೆಗೆ ಆಮೇಲೆ ಸೇರಿದ ಅಂಗಗಳು. ಆದ್ದರಿಂದ ಬ್ಲಾಗನ್ನು ಪತ್ರಿಕೋದ್ಯಮಕ್ಕೆ ಹೊರಗಿನದೆಂದು ಕಾಣುವುದು ಚಾರಿತ್ರಿಕವಾಗಿ ಸರಿಯಲ್ಲ.

2. 1953: ಆವೃತ್ತಿಗೂ ಬಂದ ಗಡಿ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾಯಿತು. ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ಸೇರಿದಂತೆ ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಆದವಾನಿಗೆ ಸುಮಾರು 70 ಕಿ.ಮೀ. ದೂರದ ಬಳ್ಳಾರಿ ಪರರಾಜ್ಯವಾಗಿ, ಸುಮಾರು 100 ಕಿ.ಮೀ. ಆಚೆಯ ಕರ್ನೂಲು ಜಿಲ್ಲಾ ಕೇಂದ್ರವಾಯಿತು.

ದಿನಪತ್ರಿಕೆಗಳು ಜಿಲ್ಲೆಗೊಂದು ಪುಟ ಕೊಡತೊಡಗಿದ ಮೇಲೆ ಈ ಗೆರೆ ಇನ್ನಷ್ಟು ಗಟ್ಟಿಯಾಯಿತು. 1974ರಲ್ಲಿ ವಿಶಾಖಪಟ್ಟಣದಲ್ಲಿ ಹುಟ್ಟಿದ ತೆಲುಗಿನ 'ಈನಾಡು' 1989ರಲ್ಲಿ ಜಿಲ್ಲಾ ಪುರವಣಿಗಳನ್ನು ತಂದು, ಮಂಡಲ ಮಟ್ಟದ ಅರೆಕಾಲಿಕ ವರದಿಗಾರರ ಜಾಲ ಕಟ್ಟಿತು. ಭಾರತೀಯ ಭಾಷಾ ಪತ್ರಿಕೆಗಳ ಬೆಳವಣಿಗೆಯನ್ನು ಅಭ್ಯಸಿಸಿದ ರಾಬಿನ್ ಜೆಫ್ರಿ ಇದನ್ನು ಮಹತ್ವದ ತಿರುವೆಂದು ಗುರುತಿಸಿದ್ದಾರೆ. ಆದವಾನಿಯ ಹತ್ತಿ ಮಾರುಕಟ್ಟೆಯ ಧಾರಣೆ, ಜಿನ್ನಿಂಗ್ ಮಿಲ್ಲಿನ ಕೂಲಿಯ ತಕರಾರು ತೆಲುಗಿನಲ್ಲಿ ದಿನದಿನದ ಸುದ್ದಿಯಾಗಲು ಇದರಿಂದ ದಾರಿಯಾಯಿತು. ಕನ್ನಡ ಪತ್ರಿಕೆಯ ಜಿಲ್ಲಾ ಪುಟವಾದರೋ ಬಳ್ಳಾರಿ, ರಾಯಚೂರುಗಳ ಎಲ್ಲೆಯಲ್ಲಿ ನಿಂತಿತು.

ಕನ್ನಡ ಪತ್ರಿಕೆಗಳು ಈ ಸೀಮೆಯನ್ನು ಮರೆತಿವೆ ಎನ್ನಲಾಗದು. ತುಂಗಭದ್ರೆಯ ದಡದ ಮಂತ್ರಾಲಯ ಅವುಗಳಿಗೆ ಸದಾ ಸುದ್ದಿ. 2009ರ ಅಕ್ಟೋಬರ್‌ನಲ್ಲಿ ನೆರೆ ಬಂದು ರಾಯರ ಮಠ ಮುಳುಗಿದಾಗ ಕರ್ನಾಟಕವೇ ತಲ್ಲಣಿಸಿತು. ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ದಸರಾ ರಾತ್ರಿ ಮಾಳ ಮಲ್ಲೇಶ್ವರನ ಬನ್ನಿ ಉತ್ಸವದ ಬಡಿಗೆ ಕಾಳಗವೂ ಸುದ್ದಿಯಾಗುತ್ತದೆ. ಕರ್ನಾಟಕದ ಭಕ್ತರು ಹೋಗುವ ಕಡೆಗೆ ಕನ್ನಡದ ಸುದ್ದಿಯೂ ಹೋಗುತ್ತದೆ. ಅಲ್ಲಿಯೇ ಬಾಳುವ ಕನ್ನಡಿಗರ ಶಾಲೆ, ಕಾಲುವೆ, ಗುಳೆ ಇವು ಉತ್ಸವಗಳಂತೆ ದಿನ ಗೊತ್ತುಮಾಡಿಕೊಂಡು ಬರುವ ಸುದ್ದಿಗಳಲ್ಲ.

3. ತೆರೆಯ ಮೇಲಿನ ಕನ್ನಡ

ಆವೃತ್ತಿಯ ಹಂಗಿಲ್ಲದ ಬರವಣಿಗೆ ಕನ್ನಡದಲ್ಲಿ ಮೊಳೆತದ್ದು 1996ರಲ್ಲಿ ಯು.ಬಿ. ಪವನಜ ಅವರ 'ವಿಶ್ವಕನ್ನಡ' ಜಾಲತಾಣದಿಂದ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಯೂನಿಕೋಡ್ ಅಕ್ಷರಶೈಲಿ ದೊರೆಯಿತು. 1999ರಲ್ಲಿ ಬ್ಲಾಗರ್, 2003ರಲ್ಲಿ ವರ್ಡ್‌ಪ್ರೆಸ್ ಆರಂಭವಾಗಿ, ಹಣವಿಲ್ಲದೆ ಪ್ರಕಟಿಸುವ ದಾರಿ ತೆರೆದುಕೊಂಡಿತು.

ಆರಂಭದ ಹಲವು ಪತ್ರಿಕಾ ತಾಣಗಳು ತಮ್ಮದೇ ಅಕ್ಷರಶೈಲಿಗಳನ್ನು ಬಳಸುತ್ತಿದ್ದವು. ಅವು ನಮ್ಮ ಗಣಕದಲ್ಲಿಲ್ಲದಿದ್ದರೆ ಪುಟ ಓದಲು ಬರುತ್ತಿರಲಿಲ್ಲ, ಹುಡುಕಿದರೆ ಸಿಗುತ್ತಲೂ ಇರಲಿಲ್ಲ. ಯೂನಿಕೋಡಿನಲ್ಲಿ ಬರೆದ ಬ್ಲಾಗಿಗೆ ಈ ತೊಡಕಿರಲಿಲ್ಲ. ಕನ್ನಡ ಪತ್ರಿಕೆ ಮಾರುವ ಅಂಗಡಿಯಿಲ್ಲದ ಊರಿನಲ್ಲಿಯೂ ಅಂತರ್ಜಾಲ ಕೇಂದ್ರಕ್ಕೆ ಹೋದವನಿಗೆ ಬೆಂಗಳೂರಿನ ಓದುಗನಿಗೆ ಸಿಗುವ ಕನ್ನಡವೇ ಅದೇ ಗಳಿಗೆಯಲ್ಲಿ ಸಿಗುವಂತಾಯಿತು. ಬ್ಲಾಗು ಗಡಿನಾಡಿಗೆ ಕೊಟ್ಟ ನಿಜವಾದ ಕೊಡುಗೆ ಇದು.

4. ಕೊಡುಕೊಳೆ

ಕನ್ನಡದಲ್ಲಿ ಬ್ಲಾಗು ಪತ್ರಿಕೆಯೊಡನೆ ಜಗಳಕ್ಕೆ ನಿಂತದ್ದಕ್ಕಿಂತ ಅದರ ಮನೆಯಿಂದಲೇ ಹೊರಟದ್ದು ಹೆಚ್ಚು. 'ಅವಧಿ'ಯನ್ನು ಕಟ್ಟಿದ ಜಿ.ಎನ್. ಮೋಹನ್ ಪತ್ರಿಕೆ, ಟಿವಿಗಳಲ್ಲಿ ದುಡಿದವರು. 'ಕೆಂಡಸಂಪಿಗೆ'ಯ ಅಬ್ದುಲ್ ರಶೀದ್ ಆಕಾಶವಾಣಿಯಲ್ಲಿ ದುಡಿದವರು. ಆತ್ಮೀಯ ದನಿಯ ಗದ್ಯಕ್ಕೂ ಓದುಗರು ಹೊಸಬರಾಗಿರಲಿಲ್ಲ. 1980ರಲ್ಲಿ ಆರಂಭವಾದ, ಜಾಹೀರಾತಿಲ್ಲದ 'ಲಂಕೇಶ್ ಪತ್ರಿಕೆ'ಯೂ ಅದರ 'ಟೀಕೆ-ಟಿಪ್ಪಣಿ'ಯೂ ಅವರನ್ನು ಮೊದಲೇ ಸಿದ್ಧಗೊಳಿಸಿದ್ದವು.

ಹೊರಗಿನ ಜಗತ್ತಿನಲ್ಲಿಯೂ ವಾಗ್ವಾದ ಇದೇ ದಿಕ್ಕಿಗೆ ಹೊರಳಿತು. ಬ್ಲಾಗಿಗರು ಮತ್ತು ಪತ್ರಕರ್ತರ ನಡುವಿನ ಕಾದಾಟ ಮುಗಿಯಿತೆಂದು ನ್ಯೂಯಾರ್ಕಿನ ಪ್ರಾಧ್ಯಾಪಕ ಜೇ ರೋಸನ್ 2005ರಲ್ಲಿಯೇ ವಾದಿಸಿದರು. 2004ರ ಸುನಾಮಿಯಲ್ಲಿ ಭಾರತೀಯ ಬ್ಲಾಗಿಗರು ಕೂಡಿ ನೆರವಿನ ಮಾಹಿತಿ ಹಂಚಿದ್ದು ಅವರ ಬಲಕ್ಕೆ ಸಾಕ್ಷಿ.

ಉಳಿದದ್ದು ಹೊಣೆಯ ಪ್ರಶ್ನೆ. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆ ಪ್ರತಿ ಪತ್ರಿಕೆಯ ಮೇಲೂ ಸಂಪಾದಕ, ಮುದ್ರಕ, ಪ್ರಕಾಶಕರ ಹೆಸರಿರಬೇಕೆಂದು ವಿಧಿಸಿತ್ತು. ಅಚ್ಚಾದ ತಪ್ಪಿಗೆ ಯಾರನ್ನು ಕೇಳಬೇಕೆಂಬುದು ಓದುಗನಿಗೆ ಗೊತ್ತಿರುತ್ತಿತ್ತು. ಬ್ಲಾಗಿನಲ್ಲಿ ಹೆಸರು ಮರೆಸಿ ಬರೆಯಬಹುದಿತ್ತು. ಸ್ಥಳೀಯ ಬಲಾಢ್ಯರಿಗೆ ಅಂಜುವ ಸಣ್ಣ ಊರಿನವನಿಗೆ ಅದು ರಕ್ಷಣೆ, ಸುಳ್ಳು ಹಬ್ಬಿಸುವವನಿಗೂ ಅದೇ ಮರೆ. ಬ್ಲಾಗಿನ ಜಾಗಕ್ಕೆ ಈಗ ಬಂದಿರುವ ವಾಟ್ಸ್‌ಆ್ಯಪ್ ಗುಂಪು, ಯೂಟ್ಯೂಬ್ ವಾಹಿನಿಗಳಲ್ಲಿ ಈ ಇಕ್ಕಟ್ಟು ಇನ್ನೂ ಬಿಗಿಯಾಗಿದೆ.

ಉಪಸಂಹಾರ

ಬ್ಲಾಗು ಆದವಾನಿಯ ಕನ್ನಡಿಗನಿಗೆ ಓದುವ, ಬರೆಯುವ ಹಕ್ಕನ್ನು ಹತ್ತಿರ ತಂದಿತು. ಆದರೆ ವರದಿ ಸಂಬಳ ಬೇಡುವ ಕೆಲಸ. ಮಂಡಲ ಪರಿಷತ್ತಿನ ಸಭೆಯಲ್ಲಿ ದಿನವಿಡೀ ಕೂರಬೇಕು, ಕನ್ನಡ ಮಾಧ್ಯಮ ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿಯಿವೆಯೆಂದು ಕಡತ ನೋಡಬೇಕು, ಬರೆದದ್ದಕ್ಕೆ ಬೆದರಿಕೆ ಬಂದಾಗ ಬೆನ್ನಿಗೊಂದು ಸಂಸ್ಥೆ ಇರಬೇಕು. ಬಿಡುವಿನಲ್ಲಿ ಬರೆಯುವ ಒಬ್ಬನಿಂದ ಇದನ್ನು ನಿರೀಕ್ಷಿಸುವುದು ಅನ್ಯಾಯ. ಪತ್ರಿಕೆಗಳ ಬಳ್ಳಾರಿ, ರಾಯಚೂರು ಪುಟಗಳು ಗಡಿಯಾಚೆ ಒಬ್ಬೊಬ್ಬ ಅರೆಕಾಲಿಕ ವರದಿಗಾರನನ್ನು ಇಟ್ಟುಕೊಂಡು, ಅಲ್ಲಿನ ಸ್ವತಂತ್ರ ಬರಹಗಾರರ ಬರಹವನ್ನು ಪರಿಶೀಲಿಸಿ, ಸಂಭಾವನೆ ಕೊಟ್ಟು, ಅವರ ಹೆಸರಿನಲ್ಲಿಯೇ ಪ್ರಕಟಿಸಬೇಕು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಕಾಳಜಿಗಳಲ್ಲಿ ಕನ್ನಡ ಶಾಲೆಯ ಜೊತೆ ಕನ್ನಡದ ಸುದ್ದಿಯೂ ಸೇರಬೇಕು. ಬ್ಲಾಗಿನ ಸ್ವಾತಂತ್ರ್ಯವನ್ನೂ ಪತ್ರಿಕೆಯ ಹೊಣೆಯನ್ನೂ ಹೀಗೆ ಒಂದೆಡೆ ತಂದರೆ ಮಾತ್ರ 1953ರಲ್ಲಿ ಬಿದ್ದ ಗೆರೆ ಓದುಗನ ಮಟ್ಟಿಗಾದರೂ ಮಸುಕಾದೀತು.